ಅವ್ವನ ಜೊತೆ ಕೂತು ನೋಡಿದ ಮೂರು ಚೀನೀ ಸಿನಿಮಾ

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲಿಗೆ ಸಂಜೆ ಆರರವರೆಗೂ ಹೊರಗೆ ಕಾಲಿಡೋ ಹಾಗಿಲ್ಲ. ಹಾಗಾಗಿ ಮೂರು ದಿನ ಕೂಲರ್ ಮುಂದೆ ಕೂತು ಮೂರು ಚೀನೀ ಸಿನಿಮಾ ನೋಡಿದೆ. ಕುಂಗ್‌ಫೂ ಅಲ್ಲ. ದೊಡ್ಡ ಸ್ಟಾರುಗಳಿಲ್ಲದೆ, ಕಡಿಮೆ ದುಡ್ಡಲ್ಲಿ, ಮನೆಮಂದಿ ಬಗ್ಗೆ ತೆಗೆದ ಸಿನಿಮಾಗಳು. ಪಕ್ಕದಲ್ಲಿ ಅವ್ವ ತೊಗರಿಬೇಳೆ ಹಸನು ಮಾಡ್ತಾ ಕೂತಿದ್ದಳು. ಆ್ಯಪ್‌ಗೆ ದುಡ್ಡು ಕೊಟ್ಟಿದ್ದೆ, ಆದರೆ ಸಬ್‌ಟೈಟಲ್ ಇದ್ದದ್ದು ಇಂಗ್ಲಿಷ್‌ನಲ್ಲಿ ಮಾತ್ರ, ಕನ್ನಡ ಬಿಡಿ, ಹಿಂದಿನೂ ಇಲ್ಲ. ಎಲ್ಲಾ ನಾನೇ ಓದಿ ಹೇಳಿದೆ, ಗಂಟಲು ಒಣಗಿತು.

ಮೊದಲು 'ಆಕ್ಸ್‌ಹೈಡ್ 2' (2009). ಲಿಯು ಜಿಯಾಯಿನ್ ಅನ್ನೋ ನಿರ್ದೇಶಕಿ ತನ್ನ ಸ್ವಂತ ಅಪ್ಪ ಅಮ್ಮನ ಜೊತೆ ತಾನೂ ನಟಿಸಿದ್ದಾಳೆ. ಎರಡು ಗಂಟೆಗಿಂತ ಜಾಸ್ತಿ ಇದೆ, ಶಾಟ್‌ಗಳು, ಅಂದ್ರೆ ಕಟ್ ಮಾಡದೆ ಒಂದೇ ಸಲಕ್ಕೆ ತೆಗೆದ ತುಣುಕುಗಳು, ಬರೀ 9. ಕಥೆ ಕೇಳಿದರೆ ನಗಬೇಡಿ: ಅಪ್ಪ ಚರ್ಮದ ಕೆಲಸ ಮಾಡೋ ಮೇಜು ಖಾಲಿ ಮಾಡಿ, ಅದರ ಮೇಲೆ ಮೂವರೂ ಡಂಪ್ಲಿಂಗ್ (ಒಳಗೆ ಹೂರಣ ತುಂಬಿದ ಕಡುಬಿನಂಥದ್ದು) ಮಾಡಿ ತಿಂತಾರೆ. ಅಷ್ಟೇ.

"ಇವರು ಸಿನಿಮಾ ಮಾಡ್ಲಕತ್ತಾರೊ, ಅಡಗಿ ಮಾಡ್ಲಕತ್ತಾರೊ?" ಅಂದಳು ಅವ್ವ. ಅರ್ಧ ಗಂಟೆಯಲ್ಲಿ ಬೇಳೆಯ ಮರ ಕೆಳಗಿಟ್ಟಿದ್ದಳು. "ಹಿಟ್ಟು ಇನ್ನಾ ನಾದಬೇಕಿತ್ತು ನೋಡು" ಅಂತ ಟಿವಿಗೇ ಹೇಳ್ತಾ ಇದ್ದಳು. ಕೈ ಹಿಟ್ಟಿನಲ್ಲಿರುವಾಗಲೇ ಅವರ ಬಾಯಲ್ಲಿ ಅಂಗಡಿ ನಷ್ಟದ ಮಾತು ಬರುತ್ತೆ, ಮತ್ತೆ ಹಿಟ್ಟಿಗೆ ಹೋಗುತ್ತೆ. ನಮ್ಮ ಮನೆಯಲ್ಲೂ ದುಡ್ಡಿನ ಮಾತು ಬಂದರೆ ಯಾರೂ ಯಾರ ಮುಖನೂ ನೋಡಲ್ಲ. ಅವ್ವ ರೊಟ್ಟಿ ಬಡಿಯೋದು ಜೋರಾಗುತ್ತೆ, ಅಪ್ಪ ಓದಿದ ಪೇಪರನ್ನೇ ಮತ್ತೆ ತಿರುವಿ ಹಾಕ್ತಾರೆ. ಹಸಿದುಕೊಂಡು ಮಾತ್ರ ಈ ಸಿನಿಮಾ ನೋಡಬೇಡಿ.

ಮೂರರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು 'ಥಾರ್ಲೋ' (2015). ಟಿಬೆಟಿಯನ್ ನಿರ್ದೇಶಕ ಪೆಮಾ ತ್ಸೆಡೆನ್ ಅವರದ್ದು, ಕಪ್ಪು ಬಿಳುಪು. ಅವರು 2023ರಲ್ಲಿ ತೀರಿಕೊಂಡರು. ಕುರಿ ಕಾಯೋ ಒಬ್ಬನಿಗೆ ಗುರುತಿನ ಚೀಟಿ ಮಾಡಿಸ್ಕೋ ಅಂತಾರೆ ಪೊಲೀಸರು. ಚೀನಾದ ಹಿಂದಿನ ನಾಯಕ ಮಾವೋ ಭಾಷಣವನ್ನು ಪಟಪಟ ಬಾಯಿಪಾಠ ಒಪ್ಪಿಸ್ತಾನೆ, ಆದರೆ ತನ್ನ ಹೆಸರೇ ಅವನಿಗೆ ಹೊಸದು, ಯಾಕಂದ್ರೆ ಊರೆಲ್ಲಾ ಕರೆಯೋದು ಜುಟ್ಟಿನವನು ಅಂತ. ಫೋಟೋ ಸ್ಟುಡಿಯೋದಲ್ಲಿ ಒಂದು ಜೋಡಿಯ ಹಿಂದೆ ಪರದೆ ಬದಲಾಗುತ್ತೆ, ಒಮ್ಮೆ ಲಾಸಾ, ಒಮ್ಮೆ ಬೀಜಿಂಗ್, ಆಮೇಲೆ ನ್ಯೂಯಾರ್ಕ್. ಇವನು ಚೀಲದಲ್ಲಿ ಕುರಿಮರಿ ಇಟ್ಕೊಂಡು ಸುಮ್ನೆ ತನ್ನ ಪಾಳಿ ಕಾಯ್ತಾನೆ. ತಲೆ ತೊಳ್ಕೊಂಡು ಬಾ ಅಂತ ಅವನನ್ನ ಕಳಿಸ್ತಾರೆ, ಅಲ್ಲಿಂದ ಎಲ್ಲಾ ಕೆಡುತ್ತೆ. ಮುಂದಿನದ್ದು ಹೇಳಲ್ಲ.

ನನಗೆ ನಮ್ಮ ಮುತ್ಯಾ ನೆನಪಾದ. ಹೊಲದಲ್ಲಿ ಸವೆದ ಬೆರಳು, ಆಧಾರ್ ಯಂತ್ರ ಹಿಡಿಯಲೇ ಇಲ್ಲ. ಕೌಂಟರ್‌ನವನು ಒರೆಸ್ಕೊಂಡು ಬಾ, ಒರೆಸ್ಕೊಂಡು ಬಾ ಅಂತ ನಾಲ್ಕು ಸಲ ಎಬ್ಬಿಸಿ ಕಳಿಸಿದ. ಐದನೇ ಸಲ ಮುತ್ಯಾ ಎದ್ದೇಳಲಿಲ್ಲ, ಅಲ್ಲೇ ಕೂತು ತನ್ನ ಬೆರಳು ನೋಡ್ಕೋತಾ ಇದ್ದ.

ಕೊನೆಯದು 'ಡ್ವೆಲ್ಲಿಂಗ್ ಇನ್ ದ ಫುಚುನ್ ಮೌಂಟನ್ಸ್' (2019), ಗು ಶಿಯಾವ್‌ಗಾಂಗ್ ಅವರ ಮೊದಲ ಚಿತ್ರ. ನಟಿಸಿದವರಲ್ಲಿ ಅವರ ನೆಂಟರೇ ಜಾಸ್ತಿ. ಹೆಸರು 14ನೇ ಶತಮಾನದ ಒಂದು ಉದ್ದನೆಯ ಸುರುಳಿ ಚಿತ್ರದ್ದು, ಸಿನಿಮಾನೂ ಹಾಗೇ ನಿಧಾನಕ್ಕೆ ಬಿಚ್ಕೊಳ್ಳುತ್ತೆ. ಹುಡುಗ ನದಿಯಲ್ಲಿ ಈಜ್ತಾನೆ, ಹುಡುಗಿ ದಂಡೆ ಮೇಲೆ ನಡೀತಾಳೆ, ಕ್ಯಾಮರಾ ಕಟ್ ಆಗದೆ ಜೊತೆಗೇ ಹೋಗುತ್ತೆ. ಸೊಗಸು. ಆದರೆ ನಾಲ್ವರು ಅಣ್ಣತಮ್ಮಂದಿರಲ್ಲಿ ಯಾರ ಮಗ ಯಾರು ಅಂತ ತಿಳಿಯೋದರಲ್ಲಿ ನನಗೆ ಸಾಕಾಯಿತು, ಕಾಗದದ ಮೇಲೆ ಬರೆದುಕೊಂಡೆ. ಹುಟ್ಟುಹಬ್ಬದ ಊಟದಲ್ಲೇ ತಾಯಿ ಕುಸಿದು ಬೀಳ್ತಾಳೆ, ಆಮೇಲೆ ಮರೆವು, ಯಾರ ಮನೆಯಲ್ಲಿ ಇರಬೇಕು ಅನ್ನೋ ಮಾತು. ನಮ್ಮ ಆಯಿಗೂ ಮೂರು ಮನೆ ತಿಂಗಳ ಪಾಳಿ ಇತ್ತು. ಬಟ್ಟೆ ಗಂಟು ಬಿಚ್ಚುತ್ತಲೇ ಇರಲಿಲ್ಲ ಆಕೆ. ಅವ್ವ ಆ ಹೊತ್ತಿಗೆ ಏನೂ ಮಾತಾಡಲಿಲ್ಲ.

ಇನ್ನೂ ಮುಕ್ಕಾಲು ಗಂಟೆ ಇರುವಾಗ ಕರೆಂಟ್ ಹೋಯಿತು. ನಾನು ತಡೆಯದೆ ಉಳಿದದ್ದನ್ನು ಮೊಬೈಲಿನಲ್ಲಿ ನೋಡಿದೆ, ತಪ್ಪು ಮಾಡಿದೆ, ಅಷ್ಟು ದೊಡ್ಡ ನದಿ ಅಂಗೈಯಗಲ ಆಗಿಬಿಡ್ತು. ಬೆಳಿಗ್ಗೆ ಚಹಾ ಕೊಡ್ತಾ ಅವ್ವ ಕೇಳಿದಳು, "ಮುದುಕಿ ಕಡೀಕ ಯಾರ ಮನ್ಯಾಗ ಉಳೀತಾಳ?" ನಾನು ಹೇಳಿಲ್ಲ. ರಾತ್ರಿ ಟಿವಿಯಲ್ಲೇ ತೋರಿಸ್ತೀನಿ ಅಂದಿದೀನಿ.