ಮಗುವಿನ ಫೋಮ್ ಮ್ಯಾಟ್: ಮೊದಲು ಮಂಡಿಯೂರಿ ನೋಡಿ

ಮಗು ಕೂರಲು ಕಲಿತ ವಾರವೇ ಎರಡು ಫೋಮ್ ಮ್ಯಾಟ್ ತರಿಸಿದೆ. ಒಂದು 1 ಸೆಂ.ಮೀ. ದಪ್ಪ, ಇನ್ನೊಂದು 4. ತೆಳುವಾದದ್ದರ ಡಬ್ಬದ ಮೇಲೆ ‘ಬಿದ್ದರೂ ಭಯವಿಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದಿದೆ. ಎಷ್ಟು ಎತ್ತರದಿಂದ ಬಿದ್ದರೆ? ಅದು ಮಾತ್ರ ಎಲ್ಲೂ ಇಲ್ಲ.

ಹಾಸಿದ ಕೂಡಲೇ ಮಂಡಿಯೂರಿದೆ. ತೆಳು ಮ್ಯಾಟ್ ಪೂರ್ತಿ ಅಮುಕಿಹೋಗಿ ಕೆಳಗಿನ ನೆಲ ಮಂಡಿಗೆ ಚುಚ್ಚಿತು. ನನ್ನ ಮಟ್ಟಿಗೆ ಅದರ ಕಥೆ ಅಲ್ಲಿಗೇ ಮುಗಿಯಿತು. ಯಾಕಂದ್ರೆ ಪೆಟ್ಟಿನ ಜೋರು ಬೀಳುವ ಎತ್ತರದಿಂದ ಮಾತ್ರ ಬರುವುದಿಲ್ಲ, ಬಿದ್ದ ತಲೆ ನಿಲ್ಲೋಕೆ ಎಷ್ಟು ಜಾಗ ಸಿಗುತ್ತದೆ ಅನ್ನುವುದೂ ಅಷ್ಟೇ ಮುಖ್ಯ. 50 ಸೆಂ.ಮೀ. ಮೇಲಿಂದ ಬಿದ್ದರೆ ನೆಲ ತಾಕುವ ಹೊತ್ತಿಗೆ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಅದು ಅರ್ಧ ಸೆಂ.ಮೀ. ಒಳಗೆ ನಿಲ್ಲಬೇಕಾದರೆ ತಲೆಯ ಮೇಲೆ ಗುರುತ್ವದ ಸುಮಾರು 100 ಪಟ್ಟು ಹೊಡೆತ, 2 ಸೆಂ.ಮೀ. ಸಿಕ್ಕರೆ 25 ಪಟ್ಟು. ಇದು ಸರಾಸರಿ ಲೆಕ್ಕ, ಆ ಕ್ಷಣದ ಗರಿಷ್ಠ ಇದಕ್ಕಿಂತ ಜಾಸ್ತಿಯೇ ಇರುತ್ತದೆ.

ದಪ್ಪ ಮ್ಯಾಟ್ ಚೆನ್ನಾಗಿದೆ. ಮಗು ಕೂತಲ್ಲಿಂದಲೇ ಹಿಂದಕ್ಕೆ ಉರುಳಿದಾಗ ‘ಠಕ್’ ಅನ್ನೋ ಬದಲು ‘ಧಪ್’ ಅಂತ ಸದ್ದು ಬಂತು, ಒಂದು ನಿಮಿಷ ಅತ್ತು ಮತ್ತೆ ಆಟಕ್ಕೆ ಹೋಯಿತು. ಆದರೆ ಅಂಚು ಎತ್ತರ, ತೆವಳುವಾಗ ಅಲ್ಲೇ ಎಡವುತ್ತದೆ. ಜೋಡಣೆಯ ಸಂದಿಯಲ್ಲಿ ಧೂಳು. ಹಲ್ಲು ಬಂದ ಮೇಲೆ ಮೂಲೆಗಳನ್ನು ಕಚ್ಚಿ ಕಿತ್ತಿತು, ಆ ಚೂರು ಗಂಟಲಿಗೆ ಸಿಕ್ಕಿಹಾಕಿಕೊಂಡರೆ ಅದು ಬೇರೆಯೇ ಅಪಾಯ ಅಲ್ವಾ?

ಡಬ್ಬದ ಮೇಲೆ ‘ಎಚ್‌ಐಸಿ 1000ದ ಒಳಗೆ’ ಅಂತಿದ್ದರೂ ಸುಮ್ನೆ ನಂಬಿಬಿಡಬೇಡಿ. ಎಚ್‌ಐಸಿ ಅಂದ್ರೆ ತಲೆಗೆ ಬೀಳುವ ಪೆಟ್ಟು ಎಷ್ಟು ಅಪಾಯಕಾರಿ ಅಂತ ಹೇಳುವ ಅಂಕಿ, 1000 ಅನ್ನೋದು ಆಟದ ಮೈದಾನದ ನೆಲಹಾಸು ಪರೀಕ್ಷಿಸುವಾಗ ಬಳಸುವ ಮಿತಿ. ನೇರ ಹೊಡೆತವನ್ನು ಮಾತ್ರ ಅಳೆಯುತ್ತದೆ. ತಲೆ ಗಿರಕ್ಕನೆ ತಿರುಗಿದಾಗ ಮಿದುಳು ಒಳಗೆ ಎಳೆದಾಡುತ್ತದಲ್ಲ, ಆ ಲೆಕ್ಕ ಅದರಲ್ಲಿಲ್ಲ. ಕೂಸಿನ ತಲೆಯೋ, ಮೈಗೆ ಹೋಲಿಸಿದರೆ ದೊಡ್ಡದು, ಕತ್ತು ಬಲವಿಲ್ಲ, ಬುರುಡೆ ತೆಳು, ನೆತ್ತಿ ಇನ್ನೂ ಕೂಡಿರುವುದಿಲ್ಲ. ದೊಡ್ಡವರ ತಲೆಗೆ ಹೊಂದುವ ಅಂಕಿ ಅದಕ್ಕೆ ಹಾಗೇ ಹೊಂದುವುದಿಲ್ಲ.

ಮಂಚದ ಪಕ್ಕಕ್ಕೂ ದಪ್ಪ ಮ್ಯಾಟನ್ನೇ ಹಾಸಿದ್ದೇನೆ. ಆದರೆ ಎರಡು ವರ್ಷದೊಳಗಿನ ಮಗು 90 ಸೆಂ.ಮೀ.ಗಿಂತ ಎತ್ತರದಿಂದ ಬಿದ್ದರೆ ವೈದ್ಯರು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮ್ಯಾಟ್ ಮೇಲೆ ಬಿದ್ದರೂ ತೋರಿಸಿಬಿಡಿ. ಎತ್ತರ ಕಡಿಮೆ ಇದ್ದರೂ ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ತಲೆಯ ಪಕ್ಕಕ್ಕೋ ಹಿಂದಕ್ಕೋ ಊತ ಕಂಡರೆ ಕಾಯಬೇಡಿ.

ದಪ್ಪದ್ದಕ್ಕೆ ಐದರಲ್ಲಿ ನಾಲ್ಕು. ತೆಳುವಾದದ್ದು ಈಗ ನನ್ನ ಯೋಗಕ್ಕೆ.