ತಾಲ್ಲೂಕು ಕೋರ್ಟಿನ ಸರ್ಕಾರಿ ವಕೀಲರ ಸರ್ವೀಸ್, ನನ್ ಕಡೆಯಿಂದ 5ಕ್ಕೆ 3

ಪಂಪ್‌ಸೆಟ್ ಕೇಬಲ್ ಕಳ್ಳತನದ ಕೇಸಲ್ಲಿ ನಾನೇ ಫಿರ್ಯಾದಿ, ಅದಕ್ಕೆ ನಮ್ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿನ ಎಪಿಪಿ, ಅಂದ್ರೆ ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್ ಅನ್ನೋ ಸರ್ಕಾರಿ ವಕೀಲರ ಸರ್ವೀಸ್ ಹೆಂಗಿದೆ ಅಂತ ಬರೀತಿದೀನಿ, ಊರಿನ ಹೆಸರು ಬೇಡ. ಪೊಲೀಸ್ ಕೇಸಾದ್ರೆ ನಾವು ವಕೀಲರನ್ನ ಇಡ್ಲೇಬೇಕು ಅಂತೇನಿಲ್ಲ, ಸರ್ಕಾರದ ಪರ ಎಪಿಪಿನೇ ನಡೆಸ್ತಾರೆ, ಅವ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಮ್ಮತ್ರ ಯಾರೂ ಒಂದ್ ರೂಪಾಯಿ ಕೇಳ್ಲಿಲ್ಲ, ಅದು ಮೊದ್ಲು ಹೇಳ್ಬೇಕು.

ನಮ್ ಎಪಿಪಿ ಮೇಡಂ ಕೆಲಸಕ್ಕೆ ಎರಡು ಮಾತಿಲ್ಲ. ಸಾಕ್ಷಿ ದಿನ ಕೈತುಂಬಾ ಫೈಲು, ಆದ್ರೂ ಕೂರಿಸಿ ನನ್ ದೂರು ನನ್ ಕೈಗೇ ಕೊಟ್ಟು ಓದ್ಸಿದ್ರು, "ಗೊತ್ತಿದ್ದಷ್ಟೇ ಹೇಳಿ, ಅಂದಾಜಲ್ಲಿ ಹೇಳೋಕೆ ಹೋಗ್ಬೇಡಿ" ಅಂದ್ರು. ಕೇಬಲ್ ಜಾಯಿಂಟಿಗೆ ಕೆಂಪು ಟೇಪ್ ಸುತ್ತಿದ್ದೆ, ಅದನ್ನ ಮುಖ್ಯ ವಿಚಾರಣೆಲೇ, ಅಂದ್ರೆ ಮೊದ್ಲು ಮೇಡಮ್ಮೇ ಪ್ರಶ್ನೆ ಕೇಳೋವಾಗ್ಲೇ, ಕೇಳಿ ಬರೆಸಿದ್ರು. ಯಾಕೆ ಅಂತ ಆಮೇಲೆ ಗೊತ್ತಾಯ್ತು, ಪಾಟಿ ಸವಾಲಲ್ಲಿ ಆ ಕಡೆ ವಕೀಲರು ಎದ್ದು "ಇದೇ ಕಂಪನಿ ಕೇಬಲ್ ಎಲ್ಲಾ ರೈತರ ಹತ್ರಾನೂ ಇರುತ್ತಲ್ವಾ" ಅಂದ್ರು, ಇರುತ್ತೆ ಸಾರ್ ಆದ್ರೆ ಟೇಪ್ ಸುತ್ತಿರೋದು ನಾನು ಅಂದೆ.

ತೊಂದ್ರೆ ಏನಪ್ಪಾ ಅಂದ್ರೆ ಪಕ್ಕದ ತಾಲ್ಲೂಕಲ್ಲಿ ಎಪಿಪಿ ಪೋಸ್ಟ್ ಖಾಲಿ, ಇನ್‌ಚಾರ್ಜ್ ಇವ್ರಿಗೇ. ಮೇಡಂ ಅಲ್ಲಿಗೆ ಹೋದ ದಿನ ಇಲ್ಲಿ ಕೇಸಿಗೆ ವಾಯಿದೆ (ಮುಂದಿನ ತಾರೀಕು), ಪಂಚರು, ಅಂದ್ರೆ ಮಹಜರಿಗೆ ಸಹಿ ಹಾಕಿದ ಸಾಕ್ಷಿಗಳು, ಕೂಲಿ ಬಿಟ್ಟು ಬಂದವ್ರು ಕಾರಿಡಾರಲ್ಲಿ ನಿಂತು ವಾಪಸ್. ಒಂದು ಪೋಸ್ಟ್ ತುಂಬದೇ ಇದ್ರೆ ಸಂಬಳ ಉಳೀತು ಅಂತ ಲೆಕ್ಕ ಇರ್ಬಹುದು, ಆದ್ರೆ ಆ ದಿನ ಜಡ್ಜು, ಬೆಂಚ್ ಕ್ಲರ್ಕು, ಸ್ಟೆನೋ, ಕೋರ್ಟ್ ಪಿಸಿ (ಕೋರ್ಟ್ ಕೆಲಸ ನೋಡ್ಕೊಳ್ಳೋ ಪೊಲೀಸ್ ಕಾನ್ಸ್‌ಟೇಬಲ್) ಎಲ್ಲರ ಸಂಬಳಾನೂ ಓಡ್ತಾನೇ ಇರುತ್ತಲ್ಲ, ಕೇಸ್ ಮಾತ್ರ ನಿಂತಲ್ಲೇ ನಿಂತಿರುತ್ತೆ. ಸಾಕ್ಷಿಗಳಿಗೆ ಭತ್ಯೆ ಕೊಡೋಕೆ ಕಾನೂನಲ್ಲಿ ಅವಕಾಶ ಇದೆ, ನಮಗೆ ಅದರ ಬಗ್ಗೆ ಒಬ್ರೂ ಬಾಯ್ಬಿಡ್ಲಿಲ್ಲ.

ದೊಡ್ಡ ಕೇಸಾದ್ರೆ ದುಡ್ಡು ಹೆಂಗೋ ಹುಟ್ಟುತ್ತೆ ನೋಡಿ. ಜಯಲಲಿತಾ ಅವ್ರ ಆಸ್ತಿ ಕೇಸನ್ನ ಸುಪ್ರೀಂ ಕೋರ್ಟ್ 2003ರಲ್ಲಿ ಬೆಂಗಳೂರಿಗೆ ವರ್ಗ ಮಾಡಿದ್ಮೇಲೆ ಬಿ.ವಿ. ಆಚಾರ್ಯ ಅಂಥ ಹಿರಿಯರನ್ನೇ ಸ್ಪೆಷಲ್ ಪ್ರಾಸಿಕ್ಯೂಟರ್ ಮಾಡಿದ್ರು, ಆ ಕೇಸಿನ ಖರ್ಚನ್ನ ಕರ್ನಾಟಕ ಆಮೇಲೆ ತಮಿಳುನಾಡಿನ ಹತ್ರ ಕೇಳ್ತು. ಕೇಬಲ್ ಕಳ್ಕೊಂಡವನ ಖರ್ಚು ಯಾರತ್ರ ಕೇಳೋದು?

ಇನ್ನೊಂದು ವಿಷ್ಯ. ಮುದ್ದೇಮಾಲು, ಅಂದ್ರೆ ಪೊಲೀಸ್ರು ವಶ ಮಾಡ್ಕೊಂಡ ಮಾಲು, ಬಿಡಿಸ್ಕೊಳ್ಳೋಕೆ ಅರ್ಜಿ ನಾವೇ ಹಾಕ್ಬೇಕು, ಅದು ಎಪಿಪಿ ಕೆಲಸ ಅಲ್ಲ, ನಾನು ಪ್ರೈವೇಟ್ ವಕೀಲರಿಗೆ ಫೀಸ್ ಕೊಟ್ಟೇ ಹಾಕಿಸ್ದೆ. ಮೇಡಂ ತಕರಾರಿಲ್ಲ ಅಂತ ಬರೆದ್ರು, ಕೇಬಲ್ ಫೋಟೋ ತೆಗ್ದು ಬಾಂಡ್ ಬರೆಸ್ಕೊಂಡು ಮಧ್ಯಂತರ ಕಸ್ಟಡಿಗೆ ಕೊಟ್ರು. ಕೇಸ್ ಮುಗಿಯೋವರೆಗೂ ಮಾರಂಗಿಲ್ಲ, ಕರೆದಾಗ ತರ್ಬೇಕು.

ಮೇಡಮ್ಗೆ ಅಂತ ಆಗಿದ್ರೆ ನಾಲ್ಕೂವರೆ ಕೊಡ್ತಿದ್ದೆ, ಒಂದೂವರೆ ಕಡಿಮೆ ಆಗಿದ್ದು ಖಾಲಿ ಕುರ್ಚಿಗೆ. ನಿಮಗೆ ಸಮನ್ಸ್ ಬಂದ್ರೆ ಹಿಂದಿನ ದಿನಾನೇ ಕೋರ್ಟ್ ಪಿಸಿಗೆ ಫೋನ್ ಮಾಡಿ ಎಪಿಪಿ ಇರ್ತಾರಾ ಕೇಳ್ಕೊಳಿ. ಇರಲ್ಲ ಅಂದ್ರೂ ಹೋಗ್ಲೇಬೇಕು ಮತ್ತೆ, ತಪ್ಪಿಸಿದ್ರೆ ವಾರಂಟ್ ಬರೋದು ನಿಮ್ ಹೆಸರಿಗೇ.