ಸಾಣೆಕಲ್ಲು ಯಾವುದು ಒಳ್ಳೆಯದು? ಕೊಡಗಿನ ಮಳೆಗಾಲದಲ್ಲಿ ನೋಡಿದ್ದು

ನಮ್ಮ ಮನೆಯಲ್ಲಿ ಮೂರು ಥರದ ಸಾಣೆಕಲ್ಲುಗಳಿವೆ. ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಮ್, ಒಂದು ಬದಿ 1000, ಇನ್ನೊಂದು ಬದಿ 6000 ಗ್ರಿಟ್‌ನ (ಅಂಕೆ ಹೆಚ್ಚಾದಷ್ಟು ಹರಳು ನುಣುಪು) ಜಪಾನಿ ನೀರುಕಲ್ಲು, ಲೋಹದ ಮೇಲೆ ವಜ್ರದ ಹರಳು ಕೂರಿಸಿದ 400/1000ದ ಡೈಮಂಡ್ ಪ್ಲೇಟ್. ಒಂದನ್ನೇ ಇಟ್ಟುಕೋ ಅಂದರೆ ಪ್ಲೇಟನ್ನೇ ಇಟ್ಟುಕೊಳ್ಳುತ್ತೇನೆ. ಎಲ್ಲಕ್ಕಿಂತ ಹರಿತ ಬರುವುದು ಅದರಲ್ಲೇ ಅಂತಲ್ಲ. ನಮ್ಮ ಮಳೆಗೆ ಅದೇ ಸರಿ.

ಹರಿತಕ್ಕೆ ನೀರುಕಲ್ಲಿಗೆ ಸಾಟಿಯಿಲ್ಲ. ನೀರಲ್ಲಿ ನೆನೆಸಿ ಮಸೆಯುತ್ತಾ ಹೋದರೆ ಕಲ್ಲೂ ಸವೆದು ಹೊಸ ಹರಳು ಮೇಲೆ ಬರುತ್ತದೆ. ಅದಕ್ಕೇ ಉಕ್ಕು ಬೇಗ ಸವೆಯುತ್ತದೆ, ಕೈಗೂ ಹಿತ. ಆದರೆ ಮೆತ್ತಗಿನ ಕಲ್ಲು, ನಡುವೆ ಗುಳಿ ಬೀಳುತ್ತದೆ. ಆಗಾಗ ಮಟ್ಟ ಮಾಡಲೇಬೇಕು. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗುವುದೇ ಇಲ್ಲ. ಡಬ್ಬಿಗೆ ಹಾಕಿಟ್ಟರೆ ಬೂಷ್ಟು. ಒಲೆ ಹತ್ತಿರ ಇಟ್ಟರೆ ಬಿರುಕು ಬಿಡುವ ಭಯ.

6000ದ ಬದಿ ಅಡುಗೆಮನೆಗೆ ಜಾಸ್ತಿಯೇ ಆಯಿತು. ಪಂದಿ ಕರಿಗೆ ಚರ್ಮ ಸಮೇತ ಮಾಂಸ ತುಂಡು ಮಾಡುವಾಗ ಅಷ್ಟು ನುಣುಪಾದ ಬಾಯಿ ಚರ್ಮದ ಮೇಲೆ ಜಾರುತ್ತದೆ. 1000ಕ್ಕೆ ನಿಲ್ಲಿಸಿದ ಚಾಕು ಕಚ್ಚಿ ಹಿಡಿಯುತ್ತದೆ. ಟೊಮೇಟೊಗೂ ಅಷ್ಟೇ. 6000 ನಿಜಕ್ಕೂ ಬೇಕಾಗುವುದು ಜೇಬಿನ ಚಾಕುವಿಗೆ, ಅದೂ ಬೆಣ್ಣೆಹಣ್ಣಿನ ಗಿಡಕ್ಕೆ ಕಸಿ ಕಟ್ಟುವ ದಿನ. ಕಸಿ ಕಡ್ಡಿ ಒಂದೇ ಎಳೆತಕ್ಕೆ ನುಣ್ಣಗೆ ಕೊಯ್ಯಬೇಕಲ್ವಾ.

ಕಾರ್ಬೊರಂಡಮ್ ತೋಟದ ಕತ್ತಿಗೆ ಸರಿ. ಅಗ್ಗ, ಗೋಣಿಕೊಪ್ಪದಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಕೇಳಿದರೆ ಕೊಡುತ್ತಾರೆ. ಅಡುಗೆ ಚಾಕುವಿಗೆ ಒರಟಾಯಿತು, ಬಾಯಿ ಗರಗಸದಂತೆ ಆಗುತ್ತದೆ. ಇದಕ್ಕೆ ತೆಂಗಿನೆಣ್ಣೆ ಹಾಕಬೇಡಿ. ಆ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಡಿಸೆಂಬರ್ ಚಳಿಗೆ ಕಲ್ಲಿನ ರಂಧ್ರಗಳಲ್ಲೇ ಹೆಪ್ಪುಗಟ್ಟಿ ಕೂರುತ್ತದೆ, ಆಮೇಲೆ ಕತ್ತಿ ಸುಮ್ನೆ ಜಾರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ವಾಸಿ. ಬರೀ ನೀರಾದರೂ ನಡೆಯುತ್ತದೆ.

ಡೈಮಂಡ್ ಪ್ಲೇಟಿಗೆ ಈ ತಾಪತ್ರಯ ಯಾವುದೂ ಇಲ್ಲ. ನಾಲ್ಕು ಹನಿ ನೀರು, ಮಸೆತ, ಒರೆಸಿ ಇಟ್ಟರೆ ಮುಗಿಯಿತು. ಗುಳಿ ಬೀಳುವುದಿಲ್ಲ. ಎಷ್ಟೇ ಗಟ್ಟಿ ಉಕ್ಕಾದರೂ ಕೊಯ್ಯುತ್ತದೆ. ಶಬ್ದ ಮಾತ್ರ ಹಲ್ಲು ಜುಮ್ಮೆನ್ನಿಸುತ್ತದೆ. ಹೊಸದರಲ್ಲಿ ಒರಟಾಗಿ ಗೀರುತ್ತದೆ, ಬಳಸುತ್ತಾ ಹದಕ್ಕೆ ಬರುತ್ತದೆ. ಒತ್ತಿ ಉಜ್ಜಿದರೆ ಹರಳುಗಳೇ ಕಿತ್ತು ಬರುತ್ತವೆ. ಹಾಗಾಗಿ ಕೈ ಹಗುರ ಇರಲಿ. ಮನೆಯ ಹಳೆಯ ಪೀಚೆಕತ್ತಿಯನ್ನು (ಕೊಡವರು ಸೊಂಟಕ್ಕೆ ಸಿಕ್ಕಿಸುವ ಸಾಂಪ್ರದಾಯಿಕ ಚೂರಿ) ಮಾತ್ರ ಇದರ ಹತ್ತಿರ ತರಬೇಡಿ. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಎಣ್ಣೆ ಹಾಕಿ ಒರೆಸಿದರೆ ಅದಕ್ಕೆ ಸಾಕು.

ಚಾಕು ತೂರಿಸಿ ಎಳೆಯುವ ಪ್ಲಾಸ್ಟಿಕ್ ಸಾಧನವೂ ಬರುತ್ತದೆ. ಉಕ್ಕನ್ನು ಕೆರೆದು ಹಾಕುತ್ತದೆ, ಬೇಡ.

ಯಾವ ಕಲ್ಲಾದರೂ ಓರೆ ತಪ್ಪಿದರೆ ಹರಿತ ಬರುವುದಿಲ್ಲ. ಸಾಮಾನ್ಯ ಸ್ಟೀಲ್ ಚಾಕುವಿಗೆ ಒಂದೊಂದು ಬದಿ ಸುಮಾರು 20 ಡಿಗ್ರಿ, ಗಟ್ಟಿ ಜಪಾನಿ ಚಾಕುವಿಗೆ 15. ಚಾಕುವಿನ ಬಾಯಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಎರಡು ಸಲ ಎಳೆಯಿರಿ. ಬಣ್ಣ ಎಲ್ಲಿ ಹೋಯಿತೋ ಕಲ್ಲು ಅಲ್ಲೇ ತಾಗುತ್ತಿದೆ. ಒಂದು ಬದಿ ಮಸೆದು ಇನ್ನೊಂದು ಬದಿಯಲ್ಲಿ ಬೆರಳಿಗೆ ಸಣ್ಣ ಒರಟು ಏಣು ಸಿಕ್ಕಮೇಲೆ ತಿರುಗಿಸಿ. ಆ ಏಣು ಬಿಡಿಸಲು ಹಳೆಯ ಚರ್ಮದ ಬೆಲ್ಟ್ ಸಾಕು, ಅದಕ್ಕೆಂದು ಇನ್ನೊಂದು ಕಲ್ಲು ಕೊಳ್ಳಬೇಕಿಲ್ಲ.